ಬೆಕ್ಕಿನ ಮರಿಯ ಪ್ರಥಮ ಸಂಚಾರ

ಬೆಕ್ಕು ಸಾಕಿದ ಮನೆಗಳಲ್ಲೆಲ್ಲ ಎಂದಾದರೊಂದು ದಿನ ಈ ಪ್ರಶ್ನೆಯು ತಾನಾಗಿ ಏಳುತ್ತದೆ. ಮರಿಗಳು ಕಣ್ಣು ತೆರೆದದ್ದಾಯಿತು; ತಾಯಿಯ ಹಾಲು ಬಿಟ್ಟು ತಟ್ಟೆಗೆ ಬಾಯಿ ಹಾಕಿದ್ದಾಯಿತು; ಕಿಟಕಿಯ ಪರದೆಯನ್ನು ಹರಿದದ್ದಾಯಿತು; ಯಜಮಾನರ ಕಾಗದಪತ್ರಗಳ ಮೇಲೆ ಮಲಗಿ ನಿದ್ರಿಸಿದ್ದಾಯಿತು. ಈಗ ಅವು ಬಾಗಿಲ ಸಂದಿನಲ್ಲಿ ಮೂಗು ತೂರಿಸಿ ಹಿತ್ತಿಲ ಕಡೆ ನೋಡುತ್ತ ಕುಳಿತಿವೆ. ಇವನ್ನು ಹೊರಕ್ಕೆ ಬಿಡಬಹುದೆ? ಬಿಡುವುದಾದರೆ ಯಾವಾಗ? ಇಷ್ಟು ಅಲ್ಪವಾದ ವಿಷಯಕ್ಕೆ ಒಂದು ಭಾಷಣವೇ ಎಂದು ಶ್ರೋತೃಗಳು ನಗಬಹುದು. ನಾವೂ ಒಂದು ಕಾಲದಲ್ಲಿ ನಕ್ಕವರೇ. ಆ ನಗುವಿಗೆ ನಾವು ತೆತ್ತ ಬೆಲೆಯನ್ನು ಮೊದಲು ಹೇಳಿ ಮುಂದುವರಿಯುವುದು ನ್ಯಾಯ.

ನಮ್ಮ ಮನೆಯಿರುವುದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ. ಹಿಂದೆ ಸಣ್ಣ ಹಿತ್ತಿಲು, ಅಲ್ಲಿ ಒಂದು ಸೀಬೆಯ ಮರ, ಒಂದು ಬಾವಿ, ಮುಂದೆ ಬೀದಿ. ಕೆಲವು ವರ್ಷಗಳ ಕೆಳಗೆ ನಮ್ಮ ಬೂದುಬಣ್ಣದ ಬೆಕ್ಕು ಅಟ್ಟದ ಮೇಲಣ ಹಳೆಯ ಬುಟ್ಟಿಯೊಂದರಲ್ಲಿ ಮೂರು ಮರಿಗಳನ್ನು ಹಾಕಿತು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆಂದು ನಮ್ಮ ಹಿರಿಯರು ಹೇಳುವುದುಂಟಷ್ಟೆ. ನಮ್ಮ ಬೆಕ್ಕು ಏಳು ಮನೆಗಳಿಗೆ ಹೋಗದೆ ಒಂದೇ ಮನೆಯ ಏಳು ಮೂಲೆಗಳನ್ನು ಸುತ್ತಿಸಿತು. ಎಂಟನೆಯ ವಾರದಲ್ಲಿ ಅದು ಹಿತ್ತಿಲ ಬಾಗಿಲ ಬಳಿ ನಿಂತು ಮರಿಗಳನ್ನು ಕೂಗಿತು. ತಾಯಿಯೇ ಕರೆಯುತ್ತಿರುವಾಗ ತಡೆಯಲು ನಾವು ಯಾರು, ಪ್ರಕೃತಿಗೆ ತನ್ನ ಕಾಲ ತನಗೆ ತಿಳಿದಿದೆ, ಎಂದುಕೊಂಡು ನಾವೇ ಅಗುಳಿಯನ್ನು ತೆಗೆದೆವು.

ಹತ್ತು ದಿನಗಳು ಕಳೆಯುವುದರೊಳಗಾಗಿ ಕೆಂಚುಮರಿಯು ಊಟ ಬಿಟ್ಟಿತು; ವಾಂತಿ ಮಾಡಿಕೊಂಡಿತು. ನೀರಿನ ಬಟ್ಟಲ ಮೇಲೆ ತಲೆಯನ್ನು ಜೋಲುಹಾಕಿ, ಕುಡಿಯಲೂ ಆಗದೆ ಬಿಟ್ಟು ಬರಲೂ ಆಗದೆ, ಗಂಟೆಗಟ್ಟಲೆ ಕುಳಿತಿತು. ಮೂರನೆಯ ದಿನ ಬೆಳಗ್ಗೆ ಅದು ಇರಲಿಲ್ಲ. ಅದರ ಹಿಂದೆಯೇ ಎರಡನೆಯದು ಅದೇ ಹಾದಿಯನ್ನು ಹಿಡಿಯಿತು. ಉಳಿದದ್ದು ಒಂದು. ಮನೆಯಲ್ಲಿ ಆಗ ಏಳು ವರ್ಷದ ಮಗುವಿತ್ತು. ಸೀಬೆಯ ಮರದ ಬುಡದಲ್ಲಿ ಮಣ್ಣು ಮುಚ್ಚುತ್ತಿರುವಾಗ ಅದು, ದೂರುವ ಧ್ವನಿಯಲ್ಲಲ್ಲ, ಸುಮ್ಮನೆ ತಿಳಿದುಕೊಳ್ಳುವುದಕ್ಕಾಗಿ, "ಬಾಗಿಲು ತೆಗೆದವರು ನೀವಲ್ಲವೆ?" ಎಂದು ಕೇಳಿತು. ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಪಶುವೈದ್ಯರಿಂದ ತರುವಾಯ ತಿಳಿದುಬಂದಂತೆ ಆ ವ್ಯಾಧಿಗೆ ಪ್ಯಾನ್‌ಲ್ಯುಕೋಪೀನಿಯ ಎಂದು ಹೆಸರು. ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ಸಿನ ದಾಯಾದಿ ಇದು. ರಕ್ತದಲ್ಲಿನ ಬಿಳಿಯ ಕಣಗಳನ್ನೂ ಕರುಳಿನ ಒಳಪೊರೆಯನ್ನೂ ನಾಶಮಾಡುತ್ತದೆ. ರೋಗಿಯಾದ ಬೆಕ್ಕು ಎದುರಿಗೆ ಬರಬೇಕಾದ ಅಗತ್ಯವೇ ಇಲ್ಲ. ಅದು ಮಲ ವಿಸರ್ಜಿಸಿ ಹೋದ ಮಣ್ಣಿನಲ್ಲಿ ಈ ವಿಷಾಣುವು ತಿಂಗಳುಗಟ್ಟಲೆ, ಅನುಕೂಲವಿದ್ದರೆ ಒಂದು ವರ್ಷ ಪರ್ಯಂತವೂ, ಜೀವ ಹಿಡಿದಿರಬಲ್ಲುದು. ನಮ್ಮ ಪಾದರಕ್ಷೆಗಳೊಡನೆ ಮನೆಯೊಳಕ್ಕೂ ಬರುತ್ತದೆ. ಫಿನೈಲಿನಿಂದ ನೆಲ ಒರಸಿ ನಿಶ್ಚಿಂತರಾಗುವವರು ಎರಡು ತಪ್ಪುಗಳನ್ನು ಒಟ್ಟಿಗೆ ಮಾಡುತ್ತಾರೆ: ಫಿನೈಲನ್ನು ನಂಬಿ ಈ ವಿಷಾಣು ಸತ್ತಿತೆಂದುಕೊಳ್ಳುವಂತಿಲ್ಲ, ಫಿನಾಲ್ ಜಾತಿಯ ದ್ರವ್ಯಗಳು ಬೆಕ್ಕಿಗೆ ಸ್ವತಃ ವಿಷ. ನೀರು ಬೆರೆಸಿದ ಬ್ಲೀಚಿಂಗ್ ದ್ರಾವಣದಿಂದ ನೆಲವನ್ನು ತೊಳೆದು, ಚೆನ್ನಾಗಿ ಒಣಗಿದ ಮೇಲೆ ಬೆಕ್ಕನ್ನು ಬಿಡತಕ್ಕದ್ದು.

ಹಾಗಾದರೆ ಚುಚ್ಚುಮದ್ದನ್ನು ಮರಿ ಹುಟ್ಟಿದೊಡನೆಯೇ ಏಕೆ ಹಾಕಿಸಬಾರದು? ಇಲ್ಲಿ ಒಂದು ವಿಚಿತ್ರವಾದ ತೊಡಕುಂಟು. ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನೊಡನೆ ಮರಿಗೆ ತಾಯಿಯ ಪ್ರತಿಕಾಯಗಳು ಬರುತ್ತವೆ. ಇವು ಕೆಲವು ವಾರಗಳ ಕಾಲ ಅದನ್ನು ಕಾಯುತ್ತವೆ. ಆದರೆ ಅದೇ ಪ್ರತಿಕಾಯಗಳು ಚುಚ್ಚುಮದ್ದನ್ನೂ ಶತ್ರುವೆಂದು ಬಗೆದು ನಿರರ್ಥಕಗೊಳಿಸುತ್ತವೆ. ತಾಯಿಯ ರಕ್ಷಣೆ ಯಾವ ದಿನ ಕರಗುವುದೆಂಬುದು ಮರಿಯಿಂದ ಮರಿಗೆ ಬೇರೆ. ಕೆಲವಕ್ಕೆ ಎರಡು ತಿಂಗಳಿಗೆ, ಕೆಲವಕ್ಕೆ ನಾಲ್ಕು ತಿಂಗಳಿಗೆ. ನಮ್ಮ ಕೆಂಚುಮರಿಯು ಹಿತ್ತಿಲಿಗಿಳಿದದ್ದು ತಾಯಿಯ ಕೊಡೆ ಮಡಚಿ, ತನ್ನದೆಂಬ ಕೊಡೆ ಇನ್ನೂ ಬಿಚ್ಚದಿದ್ದ ಆ ನಡುಗಾಲದಲ್ಲಿ. ಈ ಕಾರಣದಿಂದಲೇ ವೈದ್ಯರು ಮೊದಲ ಚುಚ್ಚುಮದ್ದನ್ನು ೮ ಅಥವಾ ೯ ವಾರಗಳಲ್ಲಿ ಹಾಕಿ, ಮೂರು ನಾಲ್ಕು ವಾರಗಳಿಗೊಮ್ಮೆ ಮತ್ತೆ ಹಾಕುತ್ತ, ಕೊನೆಯದನ್ನು ೧೬ ವಾರಗಳು ತುಂಬಿದ ಮೇಲೆ ಹಾಕುತ್ತಾರೆ. ಹುಚ್ಚುನಾಯಿ ರೋಗದ ಚುಚ್ಚುಮದ್ದು ೧೨ ವಾರಗಳ ತರುವಾಯ. ಬೀದಿನಾಯಿಗಳಿರುವ ನಮ್ಮ ಊರುಗಳಲ್ಲಿ ಇದನ್ನು ಬಿಟ್ಟು ಬೆಕ್ಕನ್ನು ಹೊರಗೆ ಬಿಡುವುದು ಬೆಕ್ಕಿಗೆ ಮಾತ್ರವಲ್ಲ, ಮನೆಯವರಿಗೂ ಅಪಾಯ. ಪರಚಿದ ಅಥವಾ ಕಚ್ಚಿದ ಗಾಯವನ್ನು ಸಾಬೂನು ನೀರುಗಳಿಂದ ೧೫ ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅರಿಶಿನ ಮೆತ್ತಿ ಕುಳಿತುಕೊಳ್ಳುವವರು ಇನ್ನೂ ಇದ್ದಾರೆ.

ಆದುದರಿಂದ ನಾಲ್ಕು ತಿಂಗಳಿಗೆ ಮೊದಲು ಬಾಗಿಲು ತೆಗೆಯುವ ಮಾತೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ನಾಲ್ಕೂ ಸಾಲದು. ಹೆಣ್ಣುಮರಿಯು ನಾಲ್ಕು ತಿಂಗಳಿಗೇ ಗರ್ಭ ಧರಿಸಬಲ್ಲುದು. ಅದರ ಗರ್ಭಾವಧಿಯು ಸುಮಾರು ೬೫ ದಿನಗಳು. ತಾನೇ ಇನ್ನೂ ಮರಿಯಾದ ಬೆಕ್ಕು ತಾಯಾಗುವುದನ್ನು ಕಂಡವರು ಮತ್ತೊಮ್ಮೆ ಕಾಣಲು ಇಚ್ಛಿಸರು. ಗಂಡಾಗಲಿ ಹೆಣ್ಣಾಗಲಿ, ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿ ಗಾಯ ಮಾಗಿದ ಮೇಲೆ, ಅಂದರೆ ಐದು ಆರು ತಿಂಗಳ ವಯಸ್ಸಿನಲ್ಲಿ, ಪ್ರಥಮ ಸಂಚಾರವು ನಡೆಯಲಿ.

ಅಷ್ಟು ದಿನ ಸೆರೆಯೆ, ಎಂದು ಕನಿಕರಪಡುವವರಿದ್ದಾರೆ. ಆದರೆ ಒಳಗಿನ ಕಾಲವು ವ್ಯರ್ಥವಾಗುವುದಿಲ್ಲ. ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿಯು ಜೀವಮಾನವೆಲ್ಲ ಮನುಷ್ಯರನ್ನು ನಂಬುತ್ತದೆ. ಆ ಕಾಲ ಕಳೆದ ಮೇಲೆ ಅದನ್ನು ಒಲಿಸಿಕೊಳ್ಳುವುದು ಕಷ್ಟ. ಕುಕ್ಕರಿನ ಶಿಳ್ಳೆ, ಬಾಗಿಲ ಗಂಟೆ, ಬೀದಿಯ ಆಟೋ ರಿಕ್ಷಾದ ಕೂಗು, ಬಂದು ಹೋಗುವ ನೆಂಟರು, ಇವೆಲ್ಲವೂ ಅದಕ್ಕೆ ಮನೆಯೊಳಗಿನ ಪಾಠಗಳೇ. ತಾಯಿಯೂ ಪಾಠ ಹೇಳುತ್ತದೆ. ೧೯೬೯ರಲ್ಲಿ ಅಮೆರಿಕದ ಫಿಲಿಸ್ ಚೆಸ್ಲರ್ ಎಂಬಾಕೆ ಪ್ರಕಟಿಸಿದ ಪ್ರಯೋಗವೊಂದುಂಟು. ಸನ್ನೆಯನ್ನು ಒತ್ತಿದರೆ ಆಹಾರ ಬೀಳುವ ಯಂತ್ರದ ಮುಂದೆ, ತನ್ನ ತಾಯಿ ಒತ್ತುವುದನ್ನು ಕಂಡ ಮರಿಗಳು ಅಪರಿಚಿತ ಬೆಕ್ಕು ಒತ್ತುವುದನ್ನು ಕಂಡವುಗಳಿಗಿಂತ ಬೇಗ ಕಲಿತವು. ಏನನ್ನೂ ಕಾಣದೆ ತಾವಾಗಿ ತಡಕಾಡಿದವು ಕಲಿಯಲೇ ಇಲ್ಲ. ನಮ್ಮ ವೇದಾಂತಿಗಳು ಶರಣಾಗತಿಗೆ ಮಾರ್ಜಾಲಕಿಶೋರ ನ್ಯಾಯವನ್ನು ಉದಾಹರಿಸುವುದು ಎಲ್ಲರಿಗೂ ತಿಳಿದದ್ದೇ. ಕೋತಿಯ ಮರಿ ತಾಯಿಯನ್ನು ತಾನು ಹಿಡಿದಿರುತ್ತದೆ, ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿ ಒಯ್ಯುತ್ತದೆ. ಆದರೆ ಈ ನ್ಯಾಯವು ನಡೆಯುವುದು ಮೊದಲ ಕೆಲವು ವಾರಗಳು ಮಾತ್ರ. ಆಮೇಲೆ ತಾಯಿಯ ಭಾರವು ಬಾಗಿಲ ಅಗುಳಿ ಯಾರ ಕೈಯಲ್ಲಿದೆಯೋ ಅವರ ಮೇಲೆ ಬೀಳುತ್ತದೆ.

ಇನ್ನು ಆ ದಿನದ ಕ್ರಮ. ಎರಡನೆಯ ಸಲದ ಮರಿಗಳಲ್ಲಿ ನಾವು ಎರಡನ್ನು ಉಳಿಸಿಕೊಂಡು ಈ ಕ್ರಮವನ್ನು ಅನುಸರಿಸಿದೆವು. ತಿಂಗಳುಗಳ ಮೊದಲಿನಿಂದ ಊಟದ ಹೊತ್ತಿಗೆ ಹಿತ್ತಾಳೆಯ ತಟ್ಟೆಯನ್ನು ಚಮಚದಿಂದ ಮೂರು ಸಲ ಬಡಿಯುವ ರೂಢಿ ಇಟ್ಟುಕೊಂಡಿದ್ದೆವು. ಮನೆಯ ಯಾವ ಮೂಲೆಯಲ್ಲಿದ್ದರೂ ಆ ಸದ್ದಿಗೆ ಎರಡೂ ಓಡಿಬರುತ್ತಿದ್ದವು. ಹೊರಗೆ ಬಿಡುವ ದಿನ ಊಟಕ್ಕೆ ಮೊದಲು, ಹಸಿದಿರುವಾಗ, ಬಾಗಿಲು ತೆಗೆಯಬೇಕು. ಹೊಟ್ಟೆ ತುಂಬಿದ ಬೆಕ್ಕಿಗೆ ಮರಳಿ ಬರಲು ಏನು ಅವಸರ? ಮಳೆಯಿಲ್ಲದ ಬೆಳಗಾಗಿರಲಿ. ಸಂಜೆಗತ್ತಲು ಕೂಡದು, ವಾಹನಗಳ ದೀಪಕ್ಕೆ ಮರಿಯು ದಿಕ್ಕುಗೆಡುತ್ತದೆ. ದೀಪಾವಳಿಯ ವಾರವಂತೂ ಕೂಡವೇ ಕೂಡದು. ತೆನಾಲಿ ರಾಮಕೃಷ್ಣನ ಬೆಕ್ಕು ಒಂದು ಸಲ ಬಿಸಿಹಾಲಿಗೆ ಮೂತಿಯಿಟ್ಟು, ಆಮೇಲೆ ಹಾಲೆಂದರೆ ಓಡುತ್ತಿತ್ತೆಂಬ ಕಥೆಯಲ್ಲಿ ಹಾಸ್ಯವಿದ್ದರೂ ಸುಳ್ಳಿಲ್ಲ. ಪ್ರಥಮ ದಿನದ ಭಯವನ್ನು ಬೆಕ್ಕು ಮರೆಯುವುದಿಲ್ಲ.

ಮರಿಯನ್ನು ಎತ್ತಿಕೊಂಡು ಹೋಗಿ ಹಿತ್ತಿಲ ನಡುವೆ ಇಳಿಸುವವರುಂಟು. ಇದು ದೊಡ್ಡ ತಪ್ಪು. ತಾನು ನಡೆದು ಬಂದ ಹಾದಿಯೇ ಅದಕ್ಕೆ ಮರಳುವ ಹಾದಿ. ಹೊತ್ತು ತಂದ ಮರಿಗೆ ಆ ಗುರುತು ದೊರೆಯುವುದಿಲ್ಲ. ಬಾಗಿಲನ್ನು ತೆರೆದು, ಒರಗಿಸಿ ಭದ್ರಪಡಿಸಿ, ನಾವು ಹೊರಗೆ ಜಗಲಿಯ ಮೇಲೆ ಸುಮ್ಮನೆ ಕುಳಿತುಕೊಳ್ಳತಕ್ಕದ್ದು. ಕಾಲು ಗಂಟೆಯಾದ ಮೇಲೆ ತಟ್ಟೆಯನ್ನು ಬಡಿದು ಒಳಗೆ ಕರೆದು ಊಟವಿಡುವುದು. ಹೀಗೆ ದಿನದಿನಕ್ಕೆ ಅವಧಿಯನ್ನು ಬೆಳೆಸುವುದು. ರಾತ್ರಿಗೆ ಮಾತ್ರ ಸದಾ ಮನೆಯೊಳಗೆ.

ಬಾವಿಗೆ ಮೊದಲೇ ಜಾಲರಿ ಹಾಕಿಸಿದ್ದೆವು. ನೆರೆಮನೆಗಳಲ್ಲಿ ಇಲಿಪಾಷಾಣ ಇಟ್ಟಿದ್ದಾರೆಯೆ ಎಂದು ವಿಚಾರಿಸಿಕೊಂಡೆವು. ಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ಗಂಡಾಂತರ ತಪ್ಪಿದ್ದಲ್ಲ. ಕೊರಳಿಗೆ ಕಟ್ಟುವ ಪಟ್ಟಿಯು ಕೊಂಬೆಗೆ ಸಿಕ್ಕಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವಂಥದಾಗಿರಬೇಕು. ಗಂಟೆ ಕಟ್ಟುವ ವಿಚಾರದಲ್ಲಿ ಒಂದು ಮಾತು. ಬೆಕ್ಕಿಗೆ ಗಂಟೆ ಕಟ್ಟುವವರಾರೆಂಬ ಗಾದೆಯ ಇಲಿಗಳು ಆ ಗಂಟೆಯನ್ನು ಅತಿಯಾಗಿ ನಂಬಿದ್ದವೆಂದು ತೋರುತ್ತದೆ. ಇಂಗ್ಲೆಂಡಿನಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ ಗಂಟೆಯಿಂದ ಬೇಟೆ ಕಡಿಮೆಯಾದುದು ಸ್ಪಷ್ಟವಾಗಿ ಕಂಡುಬರಲಿಲ್ಲ. ದಿನಕ್ಕೆ ೫ರಿಂದ ೧೦ ನಿಮಿಷ ಬೆಕ್ಕಿನೊಡನೆ ಆಟವಾಡಿದ ಮನೆಗಳಲ್ಲಿ ಅದು ತರುವ ಬೇಟೆ ನೂರಕ್ಕೆ ೨೫ರಷ್ಟು ಇಳಿಯಿತು. ಹಿತ್ತಿಲ ಗುಬ್ಬಿ ಅಳಿಲುಗಳ ಮೇಲೆ ಪ್ರೀತಿಯುಳ್ಳವರು ಒಂದು ದಾರದ ತುಂಡನ್ನು ಎಳೆದಾಡಿಸಿದರೆ ಸಾಕು.

ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿಯೂ, ಲಾರಿ ಬಸ್ಸುಗಳು ಓಡಾಡುವ ಹೆದ್ದಾರಿಗೆ ಬಾಗಿಲುಳ್ಳ ಮನೆಗಳಲ್ಲಿಯೂ ವಾಸಿಸುವವರು ಎಂದು ಬಿಡಬೇಕೆಂದು ನಮ್ಮನ್ನು ಕೇಳುವುದಾದರೆ, ಎಂದೂ ಬೇಡ ಎನ್ನುತ್ತೇವೆ. ಮೊಗಸಾಲೆಗೆ ಬಲೆ ಕಟ್ಟಿಸಿ, ಹತ್ತಲು ಒಂದು ಮರದ ಹಲಗೆಯನ್ನೂ ಕುಳಿತು ನೋಡಲು ಒಂದು ಕಿಟಕಿಯನ್ನೂ ಕೊಟ್ಟರೆ ಬೆಕ್ಕು ತೃಪ್ತಿಯಿಂದ ಬಾಳುತ್ತದೆ. ಹೊರಗನ್ನು ಕಾಣದ ಬೆಕ್ಕಿಗೆ ಹೊರಗಿನ ಹಂಬಲ ಅಷ್ಟಾಗಿ ಇರದು.

ನಮ್ಮ ಎರಡು ಮರಿಗಳಲ್ಲಿ ಕರಿಯದು ಐದೂವರೆ ತಿಂಗಳಿನ ಒಂದು ಬೆಳಗ್ಗೆ ಹೊಸಿಲನ್ನು ದಾಟಿತು. ಮೊದಲು ಒಂದು ಕಾಲನ್ನು ಹೊರಗಿಟ್ಟು, ಕಲ್ಲಿನ ತಂಪು ತಗುಲಿದೊಡನೆ ಹಿಂದಕ್ಕೆಳೆದು, ಅದನ್ನು ನೆಕ್ಕಿಕೊಂಡು, ಮತ್ತೆ ಇಟ್ಟಿತು. ಜಗಲಿಯಿಂದ ಸೀಬೆಯ ಮರದವರೆಗಿನ ಹತ್ತು ಹೆಜ್ಜೆಗೆ ಅದು ತೆಗೆದುಕೊಂಡ ಕಾಲ ಇಪ್ಪತ್ತು ನಿಮಿಷ. ಮರದ ಬುಡದ ಮಣ್ಣನ್ನು ಬಹಳ ಹೊತ್ತು ಮೂಸುತ್ತ ನಿಂತಿತು. ಆ ಹೊತ್ತಿಗೆ ಹತ್ತು ವರ್ಷದವನಾಗಿದ್ದ ನಮ್ಮ ಮಗನು ತಟ್ಟೆಯನ್ನು ಬಡಿಯುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವನು ಮೂರು ಸಲ ಬಡಿದನು. ಬಾಲವನ್ನು ನೆಟ್ಟಗೆ ಎತ್ತಿಕೊಂಡು ಮರಿಯು ಓಡಿ ಬಂದಿತು. ಎರಡನೆಯದಾದ ಬಿಳಿಯ ಮರಿಯು ಇದನ್ನೆಲ್ಲ ಹೊಸಿಲ ಒಳಗಿನಿಂದಲೇ ನೋಡುತ್ತಿತ್ತು. ಅದಕ್ಕೆ ಈಗ ಎರಡು ವರ್ಷ. ಬಾಗಿಲು ದಿನವೂ ತೆರೆದಿರುತ್ತದೆ, ಅದು ಈ ತನಕ ಹೊರಗೆ ಕಾಲಿಟ್ಟಿಲ್ಲ, ನಾವು ಒತ್ತಾಯಿಸಿಯೂ ಇಲ್ಲ.