ಗೊಟಗೋಡಿ ನೋಡಿದ್ದೀರಾ?

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೇ ತರಗತಿಯ ಹುಡುಗಿಯೊಬ್ಬಳು ಕಾಶ್ಮೀರ ವಿಶ್ವವಿದ್ಯಾಲಯದ ಚಿತ್ರ ತೋರಿಸಿ, "ಸರ್, ನಾನು ಇಂಥ ಕಡೆ ಓದಬೇಕು" ಎಂದಳು. ಶ್ರೀನಗರದ ಹಜ್ರತ್‌ಬಲ್, ದಾಲ್ ಸರೋವರದ ದಂಡೆ, ಚಿನಾರ್ ಮರಗಳು, ಮೈ ನಡುಗಿಸುವ ಚಳಿ. ಯಾರಿಗೆ ಆಸೆಯಾಗುವುದಿಲ್ಲ? ಹೋಗಲಿ, ಓದಲಿ. ಆದರೆ ನಾನು, "ಗೊಟಗೋಡಿ ನೋಡಿದ್ದೀಯೇನಮ್ಮಾ?" ಎಂದು ಕೇಳಿದೆ. ಹುಬ್ಬಳ್ಳಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ರಾಕ್ ಗಾರ್ಡನ್ ನೋಡಿದ್ದಳಂತೆ, ಅಷ್ಟೇ.

ನಮ್ಮ ಶಿಗ್ಗಾವಿ ತಾಲ್ಲೂಕಿನ ಆ ಗೊಟಗೋಡಿಯಲ್ಲೇ 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಜಾನಪದಕ್ಕೆಂದೇ ಸರ್ಕಾರ ಕಟ್ಟಿದ ವಿಶ್ವವಿದ್ಯಾಲಯ. ಇದನ್ನು ಹೇಳಿದರೆ ಪಾಲಕರೊಬ್ಬರು, "ಹಾಡು ಕುಣಿತ ಕಲಿಯಾಕ ಯುನಿವರ್ಸಿಟಿ ಯಾಕ್ರೀ ಸರ್, ನೌಕರಿ ಸಿಗತೈತೇನು?" ಎಂದರು. ಕೇಳಿದ್ದು ತಪ್ಪಲ್ಲ. ಎಲ್ಲರೂ ಅದನ್ನೇ ಓದಿರಿ ಎಂದು ನಾನೂ ಹೇಳುವುದಿಲ್ಲ.

ನನ್ನ ಮಾತು ಬೇರೆ. ನಮ್ಮ ದಾದಿಮಾ ಬೀಸುಕಲ್ಲಿನ ಮುಂದೆ ಕೂತು ದಖನಿಯಲ್ಲಿ ಹಾಡುತ್ತಿದ್ದರು, ನಡುನಡುವೆ ಕನ್ನಡದ ಮಾತು ಸೇರಿಸಿ. ಬಿ.ಇಡಿ. ಓದುವಾಗ ಗೆಳೆಯರು ಮನೆಗೆ ಬಂದರೆ ನನಗೆ ನಾಚಿಕೆ. ಇದು ಕಚ್ಚಾ ಉರ್ದು, ಸುಮ್ಮನಿರಿ ಎಂದುಬಿಟ್ಟೆ. ಅವರು ಸುಮ್ಮನಾದರು. ಈಗ ಅವರಿಲ್ಲ. ನನ್ನ ಬಳಿ ಉಳಿದದ್ದು ಧಾಟಿ ಮಾತ್ರ, ಪದಗಳಿಲ್ಲ.

ಆಮೇಲೆ ತಿಳಿಯಿತು, ಅಮೆರಿಕದ ರಿಚರ್ಡ್ ಈಟನ್ ಎಂಬ ವಿದ್ವಾಂಸರು ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪುಸ್ತಕ ಪ್ರಕಟಿಸಿ, ಇಂಥದೇ ಚಕ್ಕಿನಾಮಾ, ಚರಖಾನಾಮಾಗಳನ್ನು ಚರ್ಚಿಸಿದ್ದಾರೆಂದು. ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸುವ ಹಾಡುಗಳವು. ಅಷ್ಟು ದೂರದವರಿಗೆ ಅದು ವಿದ್ಯೆ, ಅಡುಗೆಮನೆಯಲ್ಲೇ ಇದ್ದ ನನಗೆ ಕಚ್ಚಾ ಉರ್ದು! ಇದೇ ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಷರೀಫರು (1819–1889) ಕೆಲಕಾಲ ನಮ್ಮಂತೆ ಮಾಸ್ತರಿಕೆ ಮಾಡಿದವರು. ಮೊಹರಂ ಹೆಜ್ಜೆಗೆ ರಿವಾಯತ್ ಪದ ಕಟ್ಟಿದರು. ಆಡುಮಾತಿಗೆ ಅವರು ನಾಚಲಿಲ್ಲ.

ಹಾನಗಲ್, ಸವಣೂರು, ಹಿರೇಕೆರೂರು, ಎಲ್ಲಿಯವರೇ ಆಗಿರಿ, ಮನೆಯಲ್ಲಿ ದಾದಿ, ನಾನಿ ಇದ್ದರೆ ಮೊಬೈಲಿನಲ್ಲಿ ಅವರ ಹಾಡು ಹಿಡಿದಿಡಿ. ಊರು, ವಯಸ್ಸು, ಯಾವ ಕೆಲಸದ ಹಾಡು, ಬರೆದಿಡಿ. ಹೇಳಲು ಒಪ್ಪದಿದ್ದರೆ ಒತ್ತಾಯ ಬೇಡ, ಚಹಾ ಕುಡಿಸಿ ಮರುದಿನ ಕೇಳಿ.

ಆ ಹುಡುಗಿ ಹೋದ ವಾರ ತನ್ನ ನಾನಿಯ ಹಾಡು ತಂದಿದ್ದಳು. ನಡುವೆ ಕುಕ್ಕರ್ ಸೀಟಿ ಬೇರೆ. ಅದರಲ್ಲಿ ಒಂದು ಪದ ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ರಜೆಯಲ್ಲಿ ಅವಳ ಅಬ್ಬಾ ಜೊತೆಗೆ ಗೊಟಗೋಡಿಗೆ ಹೋಗಿ ಕೇಳಿ ಬರುತ್ತೇವೆ.