ಭಾವನವರ ಮೋಟಾರು

ಎಂ. ಜಿ. ಎಂದೊಡನೆ ನಮ್ಮ ಊರಿನವರಿಗೆ ನೆನಪಾಗುವುದು ಮಹಾತ್ಮ ಗಾಂಧಿ ರಸ್ತೆ. ಶಾಲೆಯ ಹುಡುಗರನ್ನು ಕೇಳಿದರೆ, 2019ರಿಂದ ಗುಜರಾತಿನ ಹಾಲೋಲಿನಲ್ಲಿ ತಯಾರಾಗಿ ಬರುತ್ತಿರುವ ದೊಡ್ಡ ದೊಡ್ಡ ಕಾರುಗಳ ಹೆಸರು ಹೇಳುತ್ತಾರೆ. ನಾನು ಇಂದು ಹೇಳಹೊರಟಿರುವ ಎಂ. ಜಿ. ಇವೆರಡೂ ಅಲ್ಲ. ಅದು ಉಪ್ಪಾರಪೇಟೆಯ ಹಳೆಯ ಮನೆಯೊಂದರ ಹಿತ್ತಿಲಿನಲ್ಲಿ, ಕಲ್ನಾರಿನ ತಗಡಿನ ಮಾಡಿನ ಕೆಳಗೆ, ಬಹುಕಾಲ ಮೂಕವಾಗಿ ಕುಳಿತಿದ್ದ ಎರಡು ಸೀಟಿನ ಒಂದು ಮೋಟಾರು. ಅದರ ಒಡೆಯರು ನಮ್ಮ ಅಕ್ಕನ ಯಜಮಾನರು. ತಮ್ಮ ಹೆಸರನ್ನು ಎಲ್ಲಿಯೂ ಹೇಳಕೂಡದೆಂದು ಅವರು ಕಟ್ಟಪ್ಪಣೆ ಮಾಡಿರುವುದರಿಂದ ಭಾವನವರು ಎಂದೇ ಕರೆಯುತ್ತೇನೆ.

ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿದ್ದ ಜಾಗದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಅಲ್ಲಿಂದ ಬಳೆಪೇಟೆಯ ಕಡೆಗೆ ನಡೆದರೆ ಸಿಕ್ಕುವ ಸಂದಿಗೊಂದಿಗಳಲ್ಲಿ ಭಾವನವರ ಮನೆಯಿತ್ತು. ಮುಂಭಾಗದಲ್ಲಿ ಎರಡು ಅಂಗಡಿ, ನಡುವೆ ತೊಟ್ಟಿ, ಹಿಂದೆ ಹಿತ್ತಿಲು. ಪಕ್ಕದಲ್ಲಿ ಹಿತ್ತಿಲಿಗೆ ಹೋಗಲು ಒಂದು ಓಣಿ. ಭಾವನವರ ತಂದೆ 1960ರಲ್ಲಿ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದವರೊಬ್ಬರಿಂದ ಈ ಗಾಡಿಯನ್ನು ಕೊಂಡು, ಆ ಓಣಿಯಿಂದಲೇ ಒಳಕ್ಕೆ ತಂದರಂತೆ. 1971ರ ತನಕ ಅದು ಓಡಿತು. ಆಮೇಲೆ ಬಿಡಿಭಾಗ ಸಿಕ್ಕದೆ ನಿಂತಿತು. ನಿಂತ ಮೇಲೆ, ಭಾವನವರ ಚಿಕ್ಕಪ್ಪ ಮಹಡಿಗೆಂದು ಓಣಿಯಲ್ಲಿ ಕಲ್ಲುಮೆಟ್ಟಿಲು ಕಟ್ಟಿಸಿದರು. ಉಳಿದ ದಾರಿಯ ಅಗಲ ನಾಲ್ಕಡಿ ಎರಡಂಗುಲ. ಗಾಡಿಯ ಅಗಲ ನಾಲ್ಕಡಿ ಎಂಟಂಗುಲ. ಈ ಆರಂಗುಲದ ಲೆಕ್ಕವನ್ನು ಕೇಳುವವರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಗಾಡಿಯ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಮಾರಿಸ್ ಗ್ಯಾರೇಜಸ್ ಎಂಬ ಅಂಗಡಿಯ ಮೊದಲಕ್ಷರಗಳೇ ಈ ಎಂ. ಜಿ. ಅದರ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್, ಮಾರಿಸ್ ಕಂಪೆನಿಯ ಸಾಧಾರಣ ಗಾಡಿಗಳಿಗೆ ಹಗುರವಾದ ಮೈಕಟ್ಟು ಕೊಟ್ಟು ಪಂದ್ಯದ ಗಾಡಿಗಳನ್ನಾಗಿಸಿದ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಟಿ. ಸಿ. ಎಂಬ ಮಾದರಿ ಹೊರಬಂತು. 1949ರವರೆಗೆ ಹತ್ತು ಸಾವಿರದಷ್ಟು ತಯಾರಾದುವು. ಪಾಪ, ಕಿಂಬರ್ ಅದನ್ನು ನೋಡಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ರೈಲು ಅಪಘಾತದಲ್ಲಿ ತೀರಿಕೊಂಡಿದ್ದ. 1250 ಸಿ. ಸಿ. ಎಂಜಿನು, 54 ಅಶ್ವಶಕ್ತಿ, ಸೈಕಲ್ಲಿನಂತೆ ಕಡ್ಡಿಗಳಿರುವ ಎತ್ತರದ ಚಕ್ರ, ಬೇಕೆಂದಾಗ ಮುಂದಕ್ಕೆ ಮಲಗಿಸಬಹುದಾದ ಗಾಜು, ಬೆನ್ನಿಗೆ ಕಟ್ಟಿದ ಪೆಟ್ಟಿಗೆಯಂಥ ಪೆಟ್ರೋಲ್ ಟ್ಯಾಂಕು. ನಮ್ಮದು 1949ರದು, ಕಡೆಯ ತಂಡದ್ದು.

ಭಾವನವರು ಎಚ್. ಎಂ. ಟಿ. ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದವರು. 2003ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದ ಮಾರನೆಯ ದಿನವೇ ಗಾಡಿಯ ಮೇಲಿನ ಟಾರ್ಪಾಲು ಎತ್ತಿದರು. ಎತ್ತಿದ ಕೂಡಲೆ ಇಲಿಯ ಸಂಸಾರವೊಂದು ಊರು ಬಿಟ್ಟಿತು. ತಗಡು ಇದ್ದಲ್ಲಿ ತುಕ್ಕು, ಮರ ಇದ್ದಲ್ಲಿ ಗೆದ್ದಲು. ಮರವೆಂದರೆ ಆಶ್ಚರ್ಯವಾದೀತು, ಈ ಗಾಡಿಯ ಮೈಯೊಳಗಿನ ಹಂದರವೆಲ್ಲ ಮರದ್ದು, ತಗಡು ಅದರ ಮೇಲಿನ ಅಂಗಿ ಮಾತ್ರ.

ಬಿಚ್ಚುವ ಕೆಲಸಕ್ಕೆ ಒಂದು ವರ್ಷ ಹಿಡಿಯಿತು. ನನ್ನ ಪಾತ್ರ ಲಿಪಿಕಾರನದು. ಅವರು ಬಿಚ್ಚಿ ಕೊಟ್ಟ ಒಂದೊಂದಕ್ಕೂ ಚೀಟಿ ಕಟ್ಟಿ, ಸಂಖ್ಯೆ ಹಾಕಿ, ಎಲ್ಲಿಂದ ಬಂತು, ಯಾವ ಕಡೆ ಮುಖ ಮಾಡಿತ್ತು ಎಂದು ಕಾಪಿ ಪುಸ್ತಕದಲ್ಲಿ ಬರೆಯುವುದು. ಮೂರು ಪುಸ್ತಕ ತುಂಬಿತು. ಅಕ್ಕನ ಅಕ್ಕಿಯ ಡಬ್ಬಗಳೆಲ್ಲ ಒಂದೊಂದಾಗಿ ನಟ್ಟು ಬೋಲ್ಟುಗಳ ಪಾಲಾದುವು.

ಬರೆಯುತ್ತ ಬರೆಯುತ್ತ ನನಗೊಂದು ಸಂಗತಿ ಹೊಳೆಯಿತು. ಇದು ನಾನು ಕನ್ನಡ ಪಂಡಿತ ಪರೀಕ್ಷೆಗೆ ಓದಿದ ಗ್ರಂಥಸಂಪಾದನೆಯೇ. ಓಲೆಗರಿಯ ಪ್ರತಿ ಕೈಯಿಂದ ಕೈಗೆ ಬರುವಾಗ ಒಬ್ಬ ಲಿಪಿಕಾರ ಅಕ್ಷರ ಬಿಡುತ್ತಾನೆ, ಇನ್ನೊಬ್ಬ ತನಗೆ ತೋಚಿದ ಪದ್ಯವನ್ನು ಸೇರಿಸುತ್ತಾನೆ. ಈ ಗಾಡಿಗೂ ಹಾಗೆಯೇ ಆಗಿತ್ತು. ಹಿಂದಿನ ದೀಪ ಅಂಬಾಸಡರಿನದು. ಕನ್ನಡಿ ಯಾವುದೋ ಸ್ಕೂಟರಿನದು. ಎರಡು ಚಕ್ರಕ್ಕೆ ಬುಲೆಟ್ ಮೋಟಾರ್ ಸೈಕಲ್ಲಿನ ಟೈರು. ಎರಡರದೂ ಹತ್ತೊಂಬತ್ತು ಅಂಗುಲದ ಅಳತೆಯಾದ್ದರಿಂದ ಹೇಗೋ ಕೂತಿತ್ತು, ತಳ್ಳುವುದಕ್ಕೆ ಸರಿ, ಓಡಿಸುವುದಕ್ಕಲ್ಲ. ಬಣ್ಣ ಕೆರೆದರೆ ಕಪ್ಪಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ಕೆನೆ, ಎಲ್ಲಕ್ಕೂ ತಳದಲ್ಲಿ ಹಸಿರು. ಯಾವುದು ಮೂಲಪಾಠ, ಯಾವುದು ಪ್ರಕ್ಷಿಪ್ತ ಎಂದು ತೀರ್ಮಾನಿಸದೆ ಒಂದು ಹೆಜ್ಜೆ ಇಡುವಂತಿರಲಿಲ್ಲ. ಹಸಿರೇ ಮೂಲವೆಂದು ಇಬ್ಬರೂ ಒಪ್ಪಿದೆವು. ಮುಂದೆ ಜಗಳವಾದದ್ದು ಬೇರೆ ವಿಷಯಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಬೋಲ್ಟುಗಳ ಕಥೆ. ಎಂಜಿನಿನ ಬೋಲ್ಟುಗಳಲ್ಲಿ ಅರ್ಧಕ್ಕರ್ಧ ಮುರಿದು ಬಂದಿದ್ದುವು. ಒಂದನ್ನು ಜೇಬಿಗೆ ಹಾಕಿಕೊಂಡು ಜೆ. ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿದೆವು. ತಲೆಗೆ ಇಂಗ್ಲಿಷರ ವಿಟ್‌ವರ್ತ್ ಅಳತೆಯ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ. ಆದರೆ ವಿಟ್‌ವರ್ತ್ ನಟ್ಟು ಹಾಕಿದರೆ ಒಂದು ಸುತ್ತೂ ತಿರುಗುವುದಿಲ್ಲ. ಅಂಗಡಿಯವರು, "ಸ್ವಾಮಿ, ಇಂಥ ಬೋಲ್ಟೇ ಲೋಕದಲ್ಲಿಲ್ಲ" ಎಂದುಬಿಟ್ಟರು. ಭಾವನವರು ಮನೆಗೆ ಬಂದು, ಮರೆಗಳ ನಡುವಣ ಅಂತರವನ್ನು ಅಳೆಯುವ ಬ್ಲೇಡುಗಳನ್ನು ತಂದು ಇಟ್ಟು ನೋಡಿದರು. ಮರೆ ಫ್ರೆಂಚರ ಮಿಲಿಮೀಟರಿನದು! ಕಾರಣ ಹೀಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಬಂದೂಕಿನ ಕಂಪೆನಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಕಾರ್ಖಾನೆ ಹೂಡಿ, ತನ್ನ ದೇಶದ ಅಳತೆಯ ಯಂತ್ರಗಳನ್ನು ತಂದಿತ್ತು. ಯುದ್ಧ ಮುಗಿದ ಮೇಲೆ ಅದೇ ಯಂತ್ರಗಳಲ್ಲಿ ಮಾರಿಸ್ ಗಾಡಿಗಳ ಎಂಜಿನು ತಯಾರಾಗತೊಡಗಿತು. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡ. ಯಂತ್ರ ಬದಲಾಯಿಸುವುದು ದುಬಾರಿ. ಊರಿನ ಮೆಕ್ಯಾನಿಕ್ಕುಗಳ ಕೈಯಲ್ಲಿದ್ದುದು ವಿಟ್‌ವರ್ತ್ ಸ್ಪ್ಯಾನರು. ಆದ್ದರಿಂದ ಮರೆ ಫ್ರೆಂಚರದು, ತಲೆ ಇಂಗ್ಲಿಷರದು.

ನಾನು ನಕ್ಕು, "ಭಾವ, ಇದು ಅರಿಸಮಾಸ" ಎಂದೆ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಗಂಟು ಹಾಕಿದರೆ ವ್ಯಾಕರಣದಲ್ಲಿ ಅದು ದೋಷ. ಆದರೂ ಬಿರುದಾವಳಿಗಳಲ್ಲಿ ಬಂದರೆ ಕೇಶಿರಾಜ ಕ್ಷಮಿಸಿದ್ದಾನೆ. ಭಾವನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನಿಮ್ಮ ಕೇಶಿರಾಜ ಕ್ಷಮಿಸಲಿ, ಬಿಡಲಿ, ನನಗೆ ಅರವತ್ತು ಬೋಲ್ಟು ಬೇಕು ಮೇಷ್ಟ್ರೇ" ಎಂದರು. ಕಡೆಗೆ ಕಾಟನ್‌ಪೇಟೆಯ ಪರಿಚಯದ ಲೇತಿನ ಮನೆಯಲ್ಲಿ, ರಾತ್ರಿ ಎಂಟರ ಮೇಲೆ ಲೇತು ಬಿಡುವಾದಾಗ, ತಾವೇ ನಿಂತು ಒಂದೊಂದಾಗಿ ಕಡೆದುಕೊಂಡರು. ಅರವತ್ತಕ್ಕೆ ಎಂಟು ತಿಂಗಳು.

ಮರದ ಕೆಲಸಕ್ಕೆ ಬಂದ ಆಚಾರಿ ಗೆದ್ದಲು ತಿಂದುಳಿದ ತುಂಡನ್ನು ಮೂಸಿ, ಉಗುರಿನಲ್ಲಿ ಗೀರಿ, "ಇದು ನಮ್ಮ ಕಡೆಯ ಮರವಲ್ಲ" ಎಂದ. ನಿಜ, ಅದು ಇಂಗ್ಲೆಂಡಿನ ಆಷ್ ಮರ. ಏಟು ತಡೆಯುತ್ತದೆ, ಬಾಗುತ್ತದೆ, ಮುರಿಯುವುದಿಲ್ಲ. ನಾನು ತೇಗವೆಂದೆ. ಆಚಾರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ತೇಗ ನೀರಿಗೆ, ಗೆದ್ದಲಿಗೆ ಜಗ್ಗುವುದಿಲ್ಲ. ಆದರೆ ಕುಲುಕಾಟಕ್ಕೆ ಸೀಳುತ್ತದೆಂದು ಅವನ ವಾದ. ಗಾಡಿಯ ಅಚ್ಚಿಗೂ ಮೂಕಿಗೂ ಹಳ್ಳಿಗರು ದಿಂಡಿಗದ ಮರವನ್ನು ಆರಿಸುತ್ತಿದ್ದುದು ಯಾಕೆ ಎಂದು ನನ್ನನ್ನೇ ಕೇಳಿದ. ಹೀಗೆ ತಳದ ತೊಲೆಗಳಿಗೆ ತೇಗ, ಬಾಗಿಲು ತೂಗುವ ಕಂಬಗಳಿಗೆ ದಿಂಡಿಗ ಎಂದಾಯಿತು. ತೂಕ ಸ್ವಲ್ಪ ಏರಿತು. ಓಟದ ಗಾಡಿಗೆ ಎತ್ತಿನ ಗಾಡಿಯ ಮರ ಹಾಕಿದರೆಂದು ಇಂಗ್ಲೆಂಡಿನವರು ನಗಬಹುದು, ನಗಲಿ. ಮೈಯ ಹಂದರಕ್ಕೆ ಆಚಾರಿ ಒಂದೂವರೆ ವರ್ಷ ತೆಗೆದುಕೊಂಡ. ಮದುವೆಯ ಕಾಲದಲ್ಲಿ ಮಂಚ, ಬೀರುಗಳ ಕೆಲಸ ಬಂದಾಗ ತಿಂಗಳುಗಟ್ಟಲೆ ಕಾಣೆಯಾಗುತ್ತಿದ್ದ.

ಉಳಿದ ಭಾಗಗಳು ಬಂದ ದಾರಿ ಹಲವು. ಹಿಂದೂಸ್ತಾನ್ 10 ಎಂಬ ಗಾಡಿಯನ್ನು ಹಿರಿಯರು ನೋಡಿರಬಹುದು. ಅದು ಮಾರಿಸ್ ಟೆನ್ ಗಾಡಿಯ ಭಾರತೀಯ ರೂಪ. ನಮ್ಮ ಎಂಜಿನು ಆ ಮಾರಿಸ್ ಟೆನ್ನಿನ ಎಂಜಿನಿನ ವಂಶದ್ದೇ. ಈ ದಾಯಾದಿ ಸಂಬಂಧ ತಿಳಿದ ಮೇಲೆ ಭಾವನವರು ಗುಜರಿಗಳಲ್ಲಿ ಹುಡುಕಿ, ಅಂಥದೊಂದು ಹಳೆಯ ಎಂಜಿನನ್ನು ಕೆ.ಜಿ.ಯ ಲೆಕ್ಕದಲ್ಲಿ ತೂಗಿಸಿ ತಂದರು. ಭಾನುವಾರದ ಸಂಡೆ ಬಜಾರಿನಲ್ಲಿ ಹಳೆಯ ಲೂಕಸ್ ದೀಪ ಒಂದು ಸಿಕ್ಕಿತು. ಅದರ ಜೋಡಿ ಸಿಕ್ಕಲು ನಾಲ್ಕು ವರ್ಷ. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ಅಕ್ಕನ ಮಗಳು ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಗ್ಯಾಸ್ಕೆಟ್ಟು, ಬೇರಿಂಗು. ಹೋಗುವಾಗ ಅದೇ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹುಳಿಪುಡಿ. ಎರಡು ಎಸ್. ಯು. ಕಾರ್ಬ್ಯುರೇಟರುಗಳು ಮಾತ್ರ, ದೇವರ ದಯೆ, ಮೂಲದವೇ ಇದ್ದುವು. ಅವನ್ನು ಕಂಡುಹಿಡಿದ ಸ್ಕಿನ್ನರ್ ಸಹೋದರರು ಪಾದರಕ್ಷೆ ವ್ಯಾಪಾರದ ಮನೆತನದವರು. ಮೊದಮೊದಲು ಅದರೊಳಗಿನ ತಿದಿಯನ್ನು ತೊಗಲಿನಿಂದಲೇ ಮಾಡಿದ್ದರಂತೆ.

ನಾನು ಮಾಡಿದ ಒಂದು ಅನಾಹುತವನ್ನೂ ಹೇಳಬೇಕು. ಭಾವನವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ, ಬ್ಯಾಟರಿಯನ್ನು ನಾನು ಜೋಡಿಸುವೆನೆಂದು ಹೊರಟೆ. ಈಗಿನ ಗಾಡಿಗಳಲ್ಲಿ ಋಣಧ್ರುವ ಗಾಡಿಯ ಮೈಗೆ ಸೇರಿರುತ್ತದೆ, ಇದರಲ್ಲಿ ಧನಧ್ರುವ. ನಾನು ಈಗಿನ ಪದ್ಧತಿಯಂತೆ ಕೂಡಿಸಿದೆ. ಸುಟ್ಟ ವಾಸನೆ ಒಳಮನೆಯವರೆಗೆ ಹೋಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಭಾವನವರು ಮಲಗಿದ್ದಲ್ಲಿಂದಲೇ, "ಉಲ್ಟಾ ಕೊಟ್ಟಿರಾ?" ಎಂದು ಕೇಳಿದರು. ಬೇರೇನೂ ಅನ್ನಲಿಲ್ಲ. ಅದಕ್ಕೇ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಆ ಜಗಳ. ಪೆಟ್ರೋಲ್ ಟ್ಯಾಂಕಿನ ಕೆಳಮೂಲೆಯಲ್ಲಿ ಅಂಗೈಯಗಲದ ಹಿತ್ತಾಳೆಯ ತೇಪೆಯೊಂದು ಬೆಸುಗೆ ಹಾಕಿತ್ತು. ಭಾವನವರ ತಂದೆ ತಾಯಿ 1963ರಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರುವಾಗ ಕಲ್ಲು ಸಿಡಿದು ಟ್ಯಾಂಕು ತೂತಾಗಿ, ಹಾಸನದ ಕಂಚುಗಾರನೊಬ್ಬ ಹಾಕಿಕೊಟ್ಟದ್ದು. ಸಾಬೂನು ಮೆತ್ತಿ ಹಾಸನದವರೆಗೆ ಬಂದರಂತೆ. ತಾಯಿಯ ತೊಡೆಯ ಮೇಲೆ ಹನ್ನೊಂದು ವರ್ಷದ ಭಾವನವರು. ತೇಪೆ ಪ್ರಕ್ಷಿಪ್ತ, ಕಿತ್ತುಹಾಕಿ ಹೊಸ ತಗಡು ಹಾಕಬೇಕು ಎಂಬುದು ನನ್ನ ವಾದ. ಮೂಲಪಾಠಕ್ಕೆ ಮರಳುವೆನೆಂದು ಹೊರಟವನಿಗೆ ಒಂದು ಕಡೆ ಕಟ್ಟುನಿಟ್ಟು, ಇನ್ನೊಂದು ಕಡೆ ಸಡಿಲ ಎಂಬುದು ಸಲ್ಲದು ಎಂದು ನಾನು ಪಂಡಿತನಂತೆ ಮಾತಾಡಿದೆ. ಭಾವನವರು ಎರಡು ವಾರ ನನ್ನೊಡನೆ ಮಾತು ಬಿಟ್ಟರು. ಕೊನೆಗೆ ಅವರ ತಾಯಿ, ಆಗ ಎಂಬತ್ತು ದಾಟಿತ್ತು ಅವರಿಗೆ, ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಬಂದು ತೇಪೆಯನ್ನು ತಡವಿ ನೋಡಿ, "ಇದೊಂದು ಇದೆಯಲ್ಲ, ಗಾಡಿ ನಮ್ಮದೇ ಅನ್ನೋದು ಗೊತ್ತಾಗುತ್ತೆ" ಎಂದರು. ನಾನು ಮತ್ತೆ ಆ ವಿಷಯ ಎತ್ತಲಿಲ್ಲ. ತೇಪೆಯ ಅಂಚಿಗೆ ಹೊಸ ಬೆಸುಗೆ ಬಿತ್ತು, ತೇಪೆ ಉಳಿಯಿತು. ಗಾಡಿ ಓಡಿದ್ದನ್ನು ನೋಡಲು ಆ ತಾಯಿ ಉಳಿಯಲಿಲ್ಲ, 2012ರಲ್ಲಿ ಹೋದರು.

ಎಂಜಿನು ಮೊದಲು ಉಸಿರಾಡಿದ್ದು 2017ರಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಹೊಗೆ ಕಂಡು ಪಕ್ಕದ ಲಾಡ್ಜಿನವರು ನೀರಿನ ಬಕೆಟ್ಟು ಹಿಡಿದು ಓಡಿಬಂದರು.

ಅಷ್ಟರಲ್ಲಿ ಮನೆಯ ಮಾತು ಬಂತು. ಹತ್ತಿರದಲ್ಲೇ ಮೆಟ್ರೋ ನಿಲ್ದಾಣವಾದ ಮೇಲೆ ಆ ಜಾಗದ ಬೆಲೆ ಏರಿತ್ತು. ಭಾವನವರ ತಮ್ಮಂದಿರಿಬ್ಬರಿಗೂ ಅವರವರ ಕಷ್ಟವಿತ್ತು, ಅವರನ್ನು ತಪ್ಪೆನ್ನಲಾರೆ. ಮನೆ ಮಾರಿ ಮೂರು ಪಾಲು ಮಾಡುವುದೆಂದು 2020ರಲ್ಲಿ ನಿಶ್ಚಯವಾಯಿತು. ಒಡೆಯುವ ಗುತ್ತಿಗೆಯವನು ಬಂದು ಹಿತ್ತಿಲು ನೋಡಿ, ಆರಂಗುಲದ ಲೆಕ್ಕ ಕೇಳಿ, "ಅದಕ್ಕೇನು ಸಾರ್, ಗ್ಯಾಸ್ ಕಟರಿನಲ್ಲಿ ಎರಡು ತುಂಡು ಮಾಡಿ ಹೊರಗಿಡ್ತೀವಿ, ಆಮೇಲೆ ಬೆಸುಗೆ ಹಾಕ್ಕೊಳ್ಳಿ" ಎಂದ. ಭಾವನವರ ಕೈ ನಡುಗುತ್ತಿದ್ದುದನ್ನು ನಾನು ಅಂದೇ ಮೊದಲು ನೋಡಿದೆ. ಮೆಟ್ಟಿಲನ್ನು ಮೊದಲು ಒಡೆಯಲಿ ಎಂದರೆ, ಮಹಡಿಯ ಬಾಡಿಗೆದಾರರು ಇಳಿಯುವುದು ಹೇಗೆ? ಕಿರಿಯ ತಮ್ಮ, ಗಾಡಿಯ ಹೆಸರೆತ್ತಿದರೆ ಸಿಡುಕುತ್ತಿದ್ದವನು, ತಾನೇ ಮುಂದೆ ಬಂದು ಕ್ರಯದವರ ಹತ್ತಿರ ಎರಡು ತಿಂಗಳು ವಾಯಿದೆ ಕೇಳಿದ. ಬಾಡಿಗೆದಾರರು ಖಾಲಿ ಮಾಡಿದರು. 2021ರ ಜನವರಿಯಲ್ಲಿ ಮೊದಲು ಬಿದ್ದದ್ದು ಚಿಕ್ಕಪ್ಪನ ಮೆಟ್ಟಿಲು.

ಗಾಡಿಯನ್ನು ನಾವು ತಳ್ಳಲಿಲ್ಲ. ಭಾವನವರು ಕುಳಿತು, ತಾವೇ ಓಣಿಯಿಂದ ಹೊರಕ್ಕೆ ಓಡಿಸಿದರು. ಪಕ್ಕದ ಸೀಟಿನಲ್ಲಿ ಅಕ್ಕ, ತೊಡೆಯ ಮೇಲೆ ದೇವರ ಮನೆಯ ಪೆಟ್ಟಿಗೆ. ನಾನು ಹಿಂದೆ ನಡೆದುಕೊಂಡು ಬಂದೆ.

ಅದೇ ವರ್ಷದ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆಂದೇ ನಿಯಮ ಹೊರಡಿಸಿತು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷದ ವಾಯಿದೆ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲಿಗೆ ಹೋಗಬಹುದು, ಬಾಡಿಗೆಗೆ ಓಡಿಸಕೂಡದು. ಮೊದಲೇ ನೋಂದಾಯಿಸಿದ್ದ ಗಾಡಿಗೆ ಹಳೆಯ ಸಂಖ್ಯೆಯೇ ಉಳಿಯುತ್ತದೆ. ನಮ್ಮ ರಾಜ್ಯ ಇನ್ನೂ ಮೈಸೂರು ಎನಿಸಿಕೊಂಡಿದ್ದಾಗಿನ, ಎಂ. ವೈ. ಎಂದು ಆರಂಭವಾಗುವ ಆ ಫಲಕವನ್ನು ಭಾವನವರು ತಮ್ಮ ಕೈಯಿಂದಲೇ ಬರೆದು ಹಾಕಿದರು.

ಈಗ ಗಾಡಿ ಚಾಮರಾಜಪೇಟೆಯ ಒಂದು ಷೆಡ್ಡಿನಲ್ಲಿದೆ. ತಿಂಗಳಿಗೆರಡು ಭಾನುವಾರ ಬೆಳಿಗ್ಗೆ ಆರಕ್ಕೆ ನಾನೂ ಭಾವನವರೂ ಲಾಲ್‌ಬಾಗಿನ ಪಶ್ಚಿಮದ ಬಾಗಿಲಿನವರೆಗೆ ಹೋಗಿ ಬರುತ್ತೇವೆ. ಮೂರನೆಯ ಗೇರಿನಿಂದ ಎರಡಕ್ಕೆ ಬರುವಾಗ ಒಂದು ಶಬ್ದ ಬರುತ್ತಿದೆ. ಗೇರ್ ಪೆಟ್ಟಿಗೆಯನ್ನು ಇಳಿಸಬೇಕೆಂದು ಹೋದ ವಾರ ಭಾವನವರು ಹೇಳಿದರು. ಹೊಸದೊಂದು ಕಾಪಿ ಪುಸ್ತಕ ತರಲು ನನಗೆ ಹೇಳಿದ್ದಾರೆ.