ಕುನ್ಯಾಂಗಿನ ಹಾಜಿ

ಚೀನಾ ದೇಶದ ನೈಋತ್ಯದಲ್ಲಿರುವ ಯುನ್ನಾನ್ ಪ್ರಾಂತಕ್ಕೆ ಹೋದವರು ಸಾಮಾನ್ಯವಾಗಿ ಅಲ್ಲಿಯ ಶಿಲಾವನವನ್ನು ನೋಡಿ ಬರುತ್ತಾರೆ. ಸುಣ್ಣಕಲ್ಲಿನ ಬಂಡೆಗಳು ಮರಗಳಂತೆ ಒತ್ತಾಗಿ ನಿಂತಿರುವ ಆ ಪ್ರದೇಶ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೋಡತಕ್ಕ ಸ್ಥಳವೇ, ಸಂದೇಹವಿಲ್ಲ. ಆದರೆ 2019ರ ಜನವರಿಯಲ್ಲಿ ಪ್ರಾಂತದ ರಾಜಧಾನಿ ಕುನ್ಮಿಂಗಿನಲ್ಲಿ ನನಗೆ ದೊರೆತದ್ದು ಒಂದೇ ದಿನ. ಆ ದಿನವನ್ನು ನಾನು ಒಂದು ಗೋರಿಗಾಗಿ ತೆಗೆದಿರಿಸಿದ್ದೆ.

ನಗರವಿರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ. ಬೆಳಗಿನ ಚಳಿ ಚುರುಕಾಗಿತ್ತು. ಹಸಿರು ಸರೋವರವೆಂಬ ಉದ್ಯಾನದಲ್ಲಿ ಮುದುಕರೂ ಮಕ್ಕಳೂ ಸೈಬೀರಿಯದ ಕಡೆಯಿಂದ ಬಂದ ಕಡಲಹಕ್ಕಿಗಳಿಗೆ ರೊಟ್ಟಿಯ ಚೂರುಗಳನ್ನು ಎಸೆಯುತ್ತಿದ್ದರು. 1985ರಿಂದ ಈ ಅತಿಥಿಗಳು ಪ್ರತಿ ಚಳಿಗಾಲವೂ ಬರುತ್ತಿವೆ.

ಪರದೇಶದಲ್ಲಿ ನನ್ನಂಥವನ ಮೊದಲ ಚಿಂತೆ ಊಟದ್ದು. ಕುನ್ಮಿಂಗಿನಲ್ಲಿ ಅದು ಬಹುಬೇಗ ತೀರಿತು. ಹಸಿರು ಫಲಕದ ಮೇಲೆ 'ಚಿಂಗ್‌ಝೆನ್' ಎಂಬ ಎರಡು ಅಕ್ಷರಗಳಿದ್ದರೆ ಅದು ಹುಯಿ ಮುಸಲ್ಮಾನರ ಅಂಗಡಿ. ಆ ಮಾತಿಗೆ ಶುದ್ಧ ಮತ್ತು ಸತ್ಯ ಎಂದು ಅರ್ಥ. ಹಲಾಲ್ ಆಹಾರಕ್ಕೂ ಅದೇ ಹೆಸರು. ಮಸೀದಿಯೆಂದರೆ 'ಶುದ್ಧ-ಸತ್ಯದ ಮಂದಿರ'. ಬಟ್ಟಲಿನಲ್ಲಿ ಬಂದದ್ದು ದನದ ಮಾಂಸದ ಸಾರಿನಲ್ಲಿ ಮುಳುಗಿದ ಅಕ್ಕಿಯ ಶಾವಿಗೆ. ಕರಾವಳಿಯವನಾದ ನನಗೆ ಅದು ಅಪರಿಚಿತವೆನಿಸಲಿಲ್ಲ, ಕಡ್ಡಿಗಳಿಂದ ತಿನ್ನುವ ಕಷ್ಟವೊಂದನ್ನು ಬಿಟ್ಟರೆ!

ಈ ಹುಯಿ ಜನ ಇಲ್ಲಿಗೆ ಬಂದ ಬಗೆಯನ್ನು ತಿಳಿಯಲು ಮಂಗೋಲರ ಕಾಲಕ್ಕೆ ಹೋಗಬೇಕು. 1274ರಲ್ಲಿ ಕುಬ್ಲಾಯ್ ಖಾನನು ಬುಖಾರಾ ಮೂಲದ ಸಯ್ಯದ್ ಅಜಲ್ ಶಂಸುದ್ದೀನನನ್ನು ಯುನ್ನಾನಿನ ಅಧಿಕಾರಿಯಾಗಿ ನೇಮಿಸಿದ. 1279ರಲ್ಲಿ ತೀರಿಕೊಳ್ಳುವುದರೊಳಗೆ ಅವನು ಕಾಲುವೆಗಳನ್ನು ತೋಡಿಸಿದ, ನೆರೆ ತಡೆದ, ಮಸೀದಿಗಳ ಜೊತೆಗೆ ಕನ್‌ಫ್ಯೂಷಿಯಸನ ಗುಡಿಯನ್ನೂ ಕಟ್ಟಿಸಿದ. ಹೊಲಕ್ಕೆ ನೀರು ತಂದವನ ಹೆಸರು ಬೇಗ ಮರೆತುಹೋಗುವುದಿಲ್ಲ. ಕುನ್ಮಿಂಗಿನ ಜನ ಇಂದಿಗೂ ಅವನನ್ನು ನೆನೆಯುತ್ತಾರೆ.

ಪೇಟೆಯ ನಡುವಿನ ಒಂದು ಮಸೀದಿಯನ್ನು ಹೊಕ್ಕೆ. ತುದಿಗಳು ಮೇಲಕ್ಕೆ ಬಾಗಿದ ಹೆಂಚಿನ ಮಾಡು, ಮರದ ಕಂಬಗಳು. ಒಳಗೆ ಅರಬ್ಬೀ ಅಕ್ಷರಗಳು. ನಮ್ಮ ಕರಾವಳಿಯ ಹಳೆಯ ಮಸೀದಿಗಳಿಗೂ ಗುಮ್ಮಟವಿರಲಿಲ್ಲ, ಮಳೆಗೆ ತಕ್ಕ ಇಳಿಜಾರು ಮಾಡಿತ್ತು. ಗುಮ್ಮಟವಿಲ್ಲದಿದ್ದರೆ ನಮಾಜಿಗೆ ಕೊರತೆಯಿಲ್ಲ. ಆದರೆ ಊರಿನವರು ಇಚ್ಛೆಪಟ್ಟು ಕಟ್ಟಿದ್ದನ್ನು ಕೆಡಹುವುದು ಬೇರೆಯೇ ಮಾತು. 2023ರ ಮೇ ತಿಂಗಳಲ್ಲಿ ಇದೇ ಪ್ರಾಂತದ ನಾಜಿಯಾಯಿಂಗ್ ಎಂಬಲ್ಲಿ ಮಸೀದಿಯ ಗುಮ್ಮಟ ಇಳಿಸಲು ಬಂದ ಸರಕಾರದವರಿಗೆ ಊರವರು ಅಡ್ಡ ನಿಂತರೆಂಬ ಸುದ್ದಿ ಓದಿದಾಗ, ಅಂದು ಆ ಮಾಡಿನ ಕೆಳಗೆ ನನ್ನ ಪಕ್ಕದಲ್ಲಿ ಸಾಲಾಗಿ ನಿಂತಿದ್ದ ಬಿಳಿ ಟೋಪಿಯ ಮುದುಕರ ಮುಖಗಳು ಕಣ್ಣೆದುರು ಬಂದವು.

ಮಧ್ಯಾಹ್ನ, ಇಂಗ್ಲಿಷ್ ಬಲ್ಲ ಒಬ್ಬ ವಿದ್ಯಾರ್ಥಿಯ ಜೊತೆಯಲ್ಲಿ ದಿಯಾನ್‌ಛಿ ಸರೋವರವನ್ನು ಬಳಸಿ ಅದರ ದಕ್ಷಿಣದಲ್ಲಿರುವ ಕುನ್ಯಾಂಗಿಗೆ ಹೋದೆ. ಸರೋವರ ವಿಶಾಲವಾಗಿದೆ, ಆದರೆ ನಗರದ ಕೊಳಕನ್ನು ದಶಕಗಳ ಕಾಲ ಉಂಡ ನೀರು. ಕುನ್ಯಾಂಗು ಝೆಂಗ್ ಹೆಯ ಹುಟ್ಟೂರು. 1405ರಿಂದ 1433ರವರೆಗೆ ಏಳು ಬಾರಿ ಮಹಾನೌಕಾಪಡೆಯೊಡನೆ ಪಶ್ಚಿಮ ಸಾಗರಕ್ಕೆ ಬಂದ ಆ ನಾಯಕನ ಹೆಸರನ್ನು ತಾವು ಕೇಳಿರಬಹುದು. ನಮ್ಮ ಪಡುಗಡಲಿನ ಕಲ್ಲಿಕೋಟೆ ಅವನ ಹಡಗುಗಳ ಮುಖ್ಯ ತಂಗುದಾಣವಾಗಿತ್ತು.

ಗುಡ್ಡದ ಮೇಲಿನ ಉದ್ಯಾನದಲ್ಲಿ ಅವನ ತಂದೆಯ ಗೋರಿಯಿದೆ, ಪಕ್ಕದಲ್ಲಿ ಶಿಲಾಶಾಸನ. ಹಳೆಯ ಚೀನೀ ಭಾಷೆಯನ್ನು ವಿದ್ಯಾರ್ಥಿ ತಡವರಿಸುತ್ತ ಬಿಡಿಸಿ ಹೇಳಿದ. ಈತನ ಹೆಸರು ಹಾಜಿ, ಮನೆತನ ಮಾ. ಈತನ ತಂದೆಯೂ ಹಾಜಿ. ಬಡವರಿಗೆ ಕೈಯೆತ್ತಿ ಕೊಡುತ್ತಿದ್ದವನು, ತಪ್ಪು ಕಂಡರೆ ಮುಖದೆದುರೇ ಹೇಳುತ್ತಿದ್ದವನು. 1382ರಲ್ಲಿ ಮೂವತ್ತೊಂಬತ್ತರ ಪ್ರಾಯದಲ್ಲಿ ತೀರಿಕೊಂಡ. ಎರಡು ಗಂಡು, ನಾಲ್ಕು ಹೆಣ್ಣು ಮಕ್ಕಳು.

'ನಿಜವಾದ ಹೆಸರು?' ಎಂದೆ. ವಿದ್ಯಾರ್ಥಿ ಮತ್ತೊಮ್ಮೆ ನೋಡಿ, 'ಬರೆದಿಲ್ಲ, ಹಾಜಿ ಎಂದಷ್ಟೇ' ಎಂದ. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕಡೆಯೂ ಮಕ್ಕಾ ಯಾತ್ರೆ ಮುಗಿಸಿದವರ ಸ್ವಂತ ಹೆಸರನ್ನು ಊರು ಮರೆತೇಬಿಡುತ್ತದೆ. ಅವರು ಎಲ್ಲರಿಗೂ 'ಹಾಜಿಯವರು'. ಯುನ್ನಾನಿನ ಬೆಟ್ಟಗಳಿಂದ ಹೊರಟು ಕಾಬಾ ಮುಟ್ಟಿ ಮರಳುವುದು ಆ ಕಾಲದಲ್ಲಿ ಎಂತಹ ಸಾಹಸ! ಅಂಥ ಹೆಸರು ಸ್ವಂತದ್ದನ್ನು ನುಂಗಿದ್ದು ಸಹಜವೇ.

ಕಲ್ಲು ಹೇಳದೆ ಬಿಟ್ಟದ್ದು ಇನ್ನೊಂದಿದೆ. ತಂದೆ ಸತ್ತ ಕಾಲದಲ್ಲೇ ಮಿಂಗ್ ಸೈನ್ಯ ಯುನ್ನಾನನ್ನು ಗೆದ್ದು, ಸುಮಾರು ಹತ್ತು ವರ್ಷದ ಕಿರಿಯ ಮಗನನ್ನು ಸೆರೆಹಿಡಿದು ಬೀಜ ಒಡೆಸಿ ರಾಜಕುಮಾರನ ಊಳಿಗಕ್ಕೆ ಒಯ್ದಿತು. ಆ ಮಗನೇ ಝೆಂಗ್ ಹೆ. 1405ರಲ್ಲಿ, ಚಕ್ರವರ್ತಿಯ ಆಪ್ತನಾದ ಮೇಲೆ, ಈ ಶಾಸನವನ್ನು ಬರೆಸಿದವನೂ ಅವನೇ. ಅದರ ಹಿಂಬದಿಯ ಕೆಲವು ಅಕ್ಷರಗಳ ಪ್ರಕಾರ 1411ರಲ್ಲಿ ಅವನು ಬಂದು ತಂದೆಯ ಗೋರಿಯ ಬಳಿ ವಿಧಿಗಳನ್ನು ನಡೆಸಿದ. ಹುಡುಗನಾಗಿ ಊರು ಬಿಟ್ಟ ಸುಮಾರು ಮೂವತ್ತು ವರ್ಷಗಳ ನಂತರ!

ನಾನು ನಿಂತಲ್ಲೇ ಫಾತಿಹಾ ಓದಿದೆ. ಮರಗಳ ಸಂದಿನಲ್ಲಿ ಕೆಳಗೆ ಸರೋವರ ಮಿನುಗುತ್ತಿತ್ತು. ವಿದ್ಯಾರ್ಥಿ ಸುಮ್ಮನೆ ಕಾಯುತ್ತಿದ್ದ. ಮರಳುವಾಗ ಅವನು ಕೇಳಿದ: 'ಹಾಗಾದರೆ ಝೆಂಗ್ ಹೆಯೂ ಮಕ್ಕಾಕ್ಕೆ ಹೋಗಿದ್ದನೇ?' ಕೊನೆಯ ಯಾತ್ರೆಯಲ್ಲಿ ಅವನ ಪಡೆಯ ಕೆಲವರು ಕಲ್ಲಿಕೋಟೆಯಿಂದ ಮಕ್ಕಾಕ್ಕೆ ಹೋಗಿಬಂದರು. ಅವರಲ್ಲಿ ಮಾ ಹುವಾನ್ ಎಂಬ ದುಭಾಷಿ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಅಜ್ಜನೂ ತಂದೆಯೂ ಮುಟ್ಟಿದ ಊರನ್ನು ನಾಯಕ ತಾನು ಮುಟ್ಟಿದನೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಅಷ್ಟನ್ನು ವಿದ್ಯಾರ್ಥಿಗೆ ಹೇಳಿದೆ. ಬಸ್ಸು ಕುನ್ಮಿಂಗ್ ತಲಪುವಾಗ ದೀಪ ಹೊತ್ತಿತ್ತು.